ಎರಡನೆಯ ಅಂಕಿ

ಜನವರಿ 9

ಪ್ರೀತಿಯ ಅಕ್ಕ,

ನೀನು ಬೈದು ಬರೆದ ಪತ್ರ ಸೋಮವಾರ ತಲುಪಿತು. ಫೋನಿದ್ದೂ ಕಾಗದ ಬರೆದುಕೊಳ್ಳುವ ಅಕ್ಕತಮ್ಮ ನಾವಿಬ್ಬರೇ ಇರಬೇಕು, ಅಂಚೆಯವರು ನನ್ನ ಮುಖ ಕಂಡರೇ ನಗುತ್ತಾರೆ. ಆದರೂ ನಾನು ಈ ಅಭ್ಯಾಸ ಬಿಡುವವನಲ್ಲ. ಫೋನಿನಲ್ಲಾದರೆ ನೀನು "ಚೆನ್ನಾಗಿದೀನಿ ಕಣೋ, ಇಡ್ತೀನಿ" ಎಂದು ಒಂದೇ ಉಸಿರಿಗೆ ಸುಳ್ಳು ಹೇಳಿ ಮುಗಿಸುತ್ತೀಯ. ಕಾಗದದಲ್ಲಿ ಸುಳ್ಳು ಹೇಳಬೇಕಾದರೆ ಒಂದು ಪುಟವಾದರೂ ತುಂಬಿಸಬೇಕು. ಅಷ್ಟು ತಾಳ್ಮೆ ನಿನಗಿಲ್ಲ.

"ವರ್ಷದಿಂದ ಆ ರಕ್ತದಲ್ಲಿ ಏನು ಹುಡುಕ್ತಿದೀಯ, ಬಿದ್ದುಹೋದ ಸೂಜಿನಾ?" ಎಂದು ಕೇಳಿದ್ದೀಯ. ಹೇಳುತ್ತೇನೆ, ಆಕಳಿಸದೆ ಓದು.

ನಿನಗಿರುವ ಸಂಧಿವಾತವೇ ಇರುವ ಎಂಬತ್ತು ಜನರ ರಕ್ತ ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ನಳಿಕೆಯನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ತೊಟ್ಟು ತೊಟ್ಟಾಗಿ ಬಿಟ್ಟು, ಎಷ್ಟು ಬಣ್ಣ ಏರಿತು ಎಂದು ಓದುವುದು ನನ್ನ ಕೆಲಸ. ಮೈಯೊಳಗಿನ ಕಾವಲು ಕೋಶಗಳು ರೋಗಾಣುವನ್ನು ಕೊಲ್ಲಲು ಆಮ್ಲಜನಕದಿಂದ ಒಂದು ಬಗೆಯ ಪುಂಡ ಕಣಗಳನ್ನು ತಯಾರಿಸಿ ಎರಚುತ್ತವೆ. ನಿನ್ನಂಥವರ ಕೀಲಿನಲ್ಲಿ ರೋಗಾಣುವೇ ಇಲ್ಲ, ಆದರೂ ಎರಚುತ್ತಲೇ ಇರುತ್ತವೆ. ಒಳಪದರ ಊದಿ ಕೆಂಡವಾಗುವುದು ಹಾಗೆ. ಈ ಪುಂಡರನ್ನು ಹಿಡಿದು ಸುಮ್ಮನಾಗಿಸಲು ಮೈಯಲ್ಲೇ ಒಂದು ಪಡೆ ಇದೆ: ಗ್ಲುಟಾಥಯೋನ್ ಎಂಬುದೊಂದು, ಕೆಲವು ಕಿಣ್ವಗಳು, ನಾವು ತಿನ್ನುವ ಸಿ ಮತ್ತು ಇ ವಿಟಮಿನ್ನುಗಳು. ನಮ್ಮ ಎಂಬತ್ತು ಜನರಲ್ಲಿ ಹೆಚ್ಚಿನವರಿಗೆ ಈ ಪಡೆ ಸೊರಗಿ ಹೋಗಿದೆ.

ನಿನಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ನೀನು ರಿಪೇರಿ ಮಾಡುವ ಹಳೆಯ ಪುಸ್ತಕಗಳ ಹಾಳೆ ಗಾಳಿ ತಾಗಿ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತದಲ್ಲ, ಅಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಕೀಲಿನ ಉರಿ ತಗ್ಗಿಸುವ ಭಾನುವಾರದ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಸೋಮವಾರವಿಡೀ ವಾಕರಿಕೆ ಬಂದು ನೀನು ಗೋಡೆ ಹಿಡಿದು ಓಡಾಡುತ್ತೀಯ ಎಂದು ಭಾವ ಹೇಳಿದರು. ಕೀಲು ಡಾಕ್ಟರಿಗೆ ಹೇಳು, ಅದಕ್ಕೂ ಏನಾದರೂ ಕೊಡುತ್ತಾರೆ.

ನಿನ್ನ ತಮ್ಮ


ಜನವರಿ 27

ಪ್ರೀತಿಯ ಮೊದ್ದು,

ಎಷ್ಟೇ ದೊಡ್ಡ ಪ್ರಯೋಗಾಲಯ ಸೇರಿದರೂ ನೀನು ನನಗೆ ಮೊದ್ದುವೇ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪತ್ರವನ್ನು ಆಕಳಿಸದೆ ಓದಿದೆ. ಪುಂಡರು ಎನ್ನುವ ಜಾಗ ಬಂದಾಗ ನಿನ್ನ ಭಾವನಿಗೂ ಓದಿ ಹೇಳಿದೆ. "ನಾನು ಓಡಿಸೋ ಬಸ್ಸಿನ ಹಿಂದಿನ ಸೀಟಲ್ಲೂ ಅವರೇ ಕೂರೋದು" ಎಂದರು.

ಇಲ್ಲಿ ಒಂದು ಸುದ್ದಿ ಇದೆ. ಗ್ರಂಥಾಲಯಕ್ಕೆ ಬೈಂಡಿಂಗ್ ಯಂತ್ರ ತರಿಸುತ್ತಾರಂತೆ. ಹಳೆಯ ಪುಸ್ತಕಗಳನ್ನು ಮಾತ್ರ ಕೈಯಲ್ಲಿ ಹೊಲಿಯುವುದು, ಅದಕ್ಕೆ ಒಬ್ಬರು ಸಾಕು. ನೆಲಮಾಳಿಗೆಯಲ್ಲಿ ಈಗ ಇರುವುದು ನಾವಿಬ್ಬರು, ನಾನು ಮತ್ತು ಕಾಗದ ಕತ್ತರಿಸುವವನು. ಅವನಿಗೆ ಹೊಲಿಗೆ ಕಲಿಸಿದವಳು ನಾನೇ. ಮೇ ಇಪ್ಪತ್ತಕ್ಕೆ ಸಮಿತಿಯ ಮುಂದೆ ಪರೀಕ್ಷೆ. ಶಿಥಿಲವಾದ ಒಂದು ಪುಸ್ತಕ ಕೊಡುತ್ತಾರೆ, ಬೆನ್ನು ಬಿಚ್ಚಿ, ಹಾಳೆಗಳ ಕಟ್ಟನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ, ಸಂಜೆಯೊಳಗೆ ಮತ್ತೆ ಹೊಲಿದು ಕೊಡಬೇಕು. ಇಪ್ಪತ್ತೆರಡು ವರ್ಷ ಆ ಕೋಣೆಯ ಅಂಟಿನ ವಾಸನೆ ಕುಡಿದಿದ್ದೇನೆ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ತೊಂದರೆ ಇರುವುದು ಕೈಯದಲ್ಲ, ದಿನಗಳದ್ದು. ಭಾನುವಾರ ಮಾತ್ರೆ, ಸೋಮವಾರ ವಾಕರಿಕೆ, ಮಂಗಳವಾರ ತಲೆ ಮಂಕು. ವಾರದಲ್ಲಿ ನನಗೆ ಉಳಿಯುವುದು ನಾಲ್ಕೇ ದಿನ, ಕತ್ತರಿಸುವವನಿಗೆ ಏಳು. ಡಾಕ್ಟರಿಗೆ ಹೇಳಿದೆ. ಇನ್ನೊಂದು ಮಾತ್ರೆ ಸೇರಿಸಿದರು, ಹೆಚ್ಚೇನೂ ಆಗಲಿಲ್ಲ.

ನೀನು ಕಾಗದದ ಮಾತು ಎತ್ತಿದ್ದರಿಂದ ಕೇಳುತ್ತೇನೆ. ಕಂದಿದ ಹಾಳೆಯನ್ನು ನಾವು ಸುಣ್ಣದ ತಿಳಿನೀರಿನಲ್ಲಿ ಅದ್ದುತ್ತೇವೆ. ಹಾಳೆಯ ಹುಳಿ ಸತ್ತು, ಅದು ಮುಂದೆ ಎಷ್ಟೋ ವರ್ಷ ಬಾಳುತ್ತದೆ. ನಿನ್ನ ಸೊರಗಿದ ಪಡೆಗೂ ಅಂಥದ್ದೊಂದು ಸ್ನಾನ ಇದೆಯಾ? ಸುಮ್ಮನೆ ಕುತೂಹಲ.

ಅಕ್ಕ


ಫೆಬ್ರವರಿ 8

ಪ್ರೀತಿಯ ಅಕ್ಕ,

ಪರೀಕ್ಷೆಯಂತೆ, ಪರೀಕ್ಷೆ. ನಿನ್ನನ್ನು ಪರೀಕ್ಷೆ ಮಾಡುವವರು ಮೊದಲು ನೆಟ್ಟಗೆ ಸೂಜಿಗೆ ದಾರ ಪೋಣಿಸಲಿ. ನನಗೆ ಮೈಯೆಲ್ಲ ಉರಿಯಿತು.

ಸ್ನಾನ ಇದೆಯಾ ಎಂದು ಕೇಳಿದ್ದೀಯ. ಇದೆ ಎಂದೇ ಹೇಳಬೇಕು. ನಮ್ಮ ಎಂಬತ್ತು ಜನರಲ್ಲಿ ಅರ್ಧ ಜನಕ್ಕೆ ದಿನವೂ ವಿಟಮಿನ್ ಸಿ, ವಿಟಮಿನ್ ಇ ಮತ್ತು ಚೂರು ಸೆಲೆನಿಯಮ್ ಕೊಡುತ್ತಿದ್ದಾರೆ. ಎಂಟು ವಾರಕ್ಕೇ ಪಡೆಯ ಅಂಕಿ ಹೇಗೆ ಏರಿದೆ ಗೊತ್ತಾ, ತಟ್ಟೆ ನೋಡುತ್ತಿದ್ದರೆ ಕಣ್ಣು ತಣ್ಣಗಾಗುತ್ತದೆ. ಗುಳಿಗುಳಿಯಲ್ಲೂ ನೀಲಿ. ಮೊನ್ನೆ ಊಟಕ್ಕೆ ಹೋಗುವುದನ್ನೂ ಮರೆತು ಅದರ ಮುಂದೆ ಕೂತಿದ್ದೆ.

ಒಂದು ಕೆಲಸ ಮಾಡು. ಮನೆ ಹತ್ತಿರದ ಲ್ಯಾಬಿನಲ್ಲಿ ಒಂದು ನಳಿಕೆ ರಕ್ತ ತೆಗೆಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟು ಕಳಿಸು. ಬೇರೆಯವರ ರಕ್ತದ ಜೊತೆ ನಿನ್ನದನ್ನೂ ಒಂದು ಮೂಲೆಯ ಗುಳಿಗೆ ಹಾಕುತ್ತೇನೆ. ಅಧ್ಯಯನ ನಡೆಸುವ ನಮ್ಮ ಮೇಡಂಗೆ ಗೊತ್ತಾದರೆ ಕಿವಿ ಹಿಂಡುತ್ತಾರೆ. ಅಧ್ಯಯನಕ್ಕೆ ಸೇರದ ರಕ್ತ ತಟ್ಟೆ ಮುಟ್ಟಬಾರದು ಎಂಬುದು ನಿಯಮ. ಅವರಿಗೆ ಹೇಳುವುದಿಲ್ಲ, ನೀನೂ ಬಾಯಿ ಬಿಡಬೇಡ.

ನಿನ್ನ ತಮ್ಮ


ಮಾರ್ಚ್ 2

ಪ್ರೀತಿಯ ಮೊದ್ದು,

ರಕ್ತ ಹೊರಟಿದೆ. ನಿನ್ನ ಭಾವನ ಗೆಳೆಯರೊಬ್ಬರು ನಿಮ್ಮ ಕಡೆಗೆ ಬಸ್ಸು ತರುತ್ತಾರೆ, ಪೆಟ್ಟಿಗೆಯನ್ನು ಅವರ ಸೀಟಿನ ಹಿಂದೆ ಇಟ್ಟಿದ್ದೇವೆ. ಎರಡು ದಿನ ಹಿಡಿಯಬಹುದು. "ಇದರೊಳಗೆ ಏನಿದೆ?" ಎಂದು ಅವರು ಕೇಳಿದ್ದಕ್ಕೆ ಇವರು "ನನ್ನ ಹೆಂಡತಿ" ಎಂದರಂತೆ. ಪಾಪ, ಅವರು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೇ ಎಂದು ಯೋಚಿಸಿದರಂತೆ.

ನನ್ನ ಮನಸ್ಸು ಹಗುರಾಗಿದೆ. ಸೋಮವಾರದ ವಾಕರಿಕೆ ಈಗಿಲ್ಲ. ಮಂಗಳವಾರದ ಮಂಕೂ ಇಲ್ಲ. ಮೂರು ವಾರದಿಂದ ನನಗೂ ಏಳು ದಿನ ಸಿಕ್ಕಿವೆ. ನೀನು ಹೇಳಿದ ಸಿ, ಇ, ಸೆಲೆನಿಯಮ್ ಮೂರನ್ನೂ ತಂದಿದ್ದೇನೆ. ಅಂಗಡಿಯವರು ದಿನಕ್ಕೊಂದು ಸಾಕು ಎಂದರು. ನಾನು ಬೆಳಿಗ್ಗೆ ಎರಡು, ಸಂಜೆ ಎರಡು ನುಂಗುತ್ತಿದ್ದೇನೆ. ಹಾಳೆಯನ್ನು ಅರ್ಧ ಅದ್ದಿದರೆ ಅರ್ಧವೇ ಉಳಿಯುವುದು.

ನಿನ್ನೆ ಹಳೆಯ ನಕ್ಷೆಗಳ ಸಂಪುಟವೊಂದಕ್ಕೆ ಹದಿನಾಲ್ಕು ಮಡಿಕೆ ಹೊಲಿದೆ. ಕತ್ತರಿಸುವವನು ಬಂದು ನಿಂತು ನೋಡಿದ. "ಅಕ್ಕಾ, ನಾನು ಪರೀಕ್ಷೆಗೆ ಕೂರೋದೇ ದಂಡ" ಎಂದ. "ಕೂತ್ಕೋಪ್ಪ, ಒಬ್ಬಳೇ ಕೂತ್ರೆ ನಂಗೂ ಬೇಜಾರು" ಎಂದೆ.

ಅಕ್ಕ


ಮಾರ್ಚ್ 14

ಪ್ರೀತಿಯ ಅಕ್ಕ,

ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಪಡೆಯ ಒಟ್ಟು ಬಲ ಅಳೆಯುವ ಪರೀಕ್ಷೆಯಲ್ಲಿ ಇಡೀ ತಟ್ಟೆಗೆ ನಿನ್ನದೇ ಹೆಚ್ಚು. ರೋಗವೇ ಇಲ್ಲದವರಿಗಿಂತ ಹೆಚ್ಚು. ಹೋಲಿಕೆಗೆಂದು ನನ್ನ ರಕ್ತವನ್ನೂ ಹಾಕಿದ್ದೆ, ನಾನು ನಿನ್ನ ಅರ್ಧಕ್ಕೂ ಇಲ್ಲ. ಎರಡು ಸಲ ಓದಿಸಿದೆ, ಎರಡು ಸಲವೂ ಅದೇ ಅಂಕಿ.

ವಾಕರಿಕೆ ನಿಂತದ್ದೂ ಒಳ್ಳೆಯದೇ ಆಯಿತು. ಆರು ವರ್ಷಕ್ಕೆ ಮೈ ಆ ಮಾತ್ರೆಗೆ ಒಗ್ಗಿರಬೇಕು.

ಏನು ಮಾಡುತ್ತಿದ್ದೀಯೋ ಅದನ್ನೇ ಮಾಡು. ಒಂದನ್ನೂ ಬದಲಾಯಿಸಬೇಡ.

ನಿನ್ನ ತಮ್ಮ


ಏಪ್ರಿಲ್ 6

ಪ್ರೀತಿಯ ಮೊದ್ದು,

ನಿನ್ನ ಪತ್ರವನ್ನು ನೆಲಮಾಳಿಗೆಯ ನನ್ನ ಮೇಜಿನ ಎದುರಿಗೆ ರಟ್ಟಿನ ಮೇಲೆ ಅಂಟಿಸಿದ್ದೇನೆ. ಸುಸ್ತಾದಾಗ ಕೊನೆಯ ಎರಡು ಸಾಲು ಓದಿಕೊಳ್ಳುತ್ತೇನೆ.

ಈಗ ಹೇಳಿಬಿಡುತ್ತೇನೆ, ಇನ್ನು ಹೆದರಿಕೆ ಇಲ್ಲ. ನಾನು ಭಾನುವಾರದ ಮಾತ್ರೆ ಬಿಟ್ಟು ಎಂಟು ವಾರ ಆಯಿತು. ಅವತ್ತು ನಿನ್ನ ಸ್ನಾನದ ಕಾಗದ ಬಂದ ವಾರವೇ ನಿಲ್ಲಿಸಿದೆ. ಮೊದಲೇ ಹೇಳಿದ್ದರೆ ನೀನು ರಂಪ ಮಾಡುತ್ತಿದ್ದೆ. ಅಂಕಿ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಅಂಕಿ ಬಂತು. ಡಾಕ್ಟರಿಗೆ ಇನ್ನೂ ಹೇಳಿಲ್ಲ, ಮಾರ್ಚಿನ ಭೇಟಿಗೆ ಹೋಗಲಿಲ್ಲ. ಮೇ ಇಪ್ಪತ್ತು ಕಳೆದ ಮೇಲೆ ನಿನ್ನ ಕಾಗದ ಹಿಡಿದುಕೊಂಡೇ ಹೋಗಿ ಅವರ ಮೇಜಿನ ಮೇಲೆ ಇಡುತ್ತೇನೆ.

ಮಣಿಕಟ್ಟಿನ ಮೇಲುಗಡೆ ಸ್ವಲ್ಪ ಊದಿಕೊಂಡಿದೆ, ಕೆಲಸ ಜಾಸ್ತಿಯಾಯಿತಲ್ಲ. ಇನ್ನೊಂದು ತಮಾಷೆ ಕೇಳು. ಗುರುವಾರದಿಂದ ಬಲಗೈ ಕಿರುಬೆರಳು ಏಳುತ್ತಲೇ ಇಲ್ಲ. ಬಾಗಿಕೊಂಡು ಬಿದ್ದಿರುತ್ತದೆ, ಇನ್ನೊಂದು ಕೈಯಿಂದ ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತದೆ. ಆದರೆ ಒಂದಿಷ್ಟೂ ನೋವಿಲ್ಲ. ಆರು ವರ್ಷದಲ್ಲಿ ನೋವೇ ಇಲ್ಲದ ಬೆರಳು ಇದೊಂದೇ ನೋಡು.

ಅಕ್ಕ


ಏಪ್ರಿಲ್ 11

ಅಕ್ಕ,

ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ. ಆಸ್ಪತ್ರೆ ಎನ್ನುವ ಮಾತು ಬಂದ ಕೂಡಲೇ ಮೂರು ಸಲವೂ ನೀನು ಇಟ್ಟುಬಿಟ್ಟೆ. ಭಾವ ಬಸ್ಸಿನಲ್ಲಿದ್ದಾರೆ, ಸಿಗುತ್ತಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಕಾಗದವನ್ನು ಓದದೆ ಎಸೆಯುವಷ್ಟು ಕಲ್ಲು ಮನಸ್ಸು ನಿನಗಿಲ್ಲ.

ಆ ಬೆರಳು ತಮಾಷೆಯಲ್ಲ. ನಿನ್ನ ಪತ್ರ ಹಿಡಿದು ಓಡಿದೆ. ಪಕ್ಕದ ಕಟ್ಟಡದ ಕೈ ಶಸ್ತ್ರವೈದ್ಯರನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿ ಕೇಳಿದೆ. ನೀನು ಬರೆದದ್ದನ್ನು ಓದಿ ಹೇಳುತ್ತಿದ್ದಂತೆ ಅವರ ಮುಖ ಬದಲಾಯಿತು. "ನೋವಿಲ್ಲ ಅಂದ್ರೆ ಸ್ನಾಯುವಿನ ಹುರಿ ಹರಿದಿದೆ ಅಂತ. ಬೆರಳನ್ನ ಮೇಲೆತ್ತೋ ಹುರಿ ಮಣಿಕಟ್ಟಿನ ಊತದಲ್ಲಿ ಸವೆದು ಸವೆದು ಹರಿಯುತ್ತೆ. ಮುಂದಿನ ಸರದಿ ಉಂಗುರ ಬೆರಳು, ಆಮೇಲೆ ನಡುಬೆರಳು. ಇವತ್ತೇ ತೋರಿಸ್ಬೇಕು" ಎಂದರು.

ಹೊಲಿಯಬೇಡ. ಕೈ ಊರಿ ಏಳಬೇಡ, ಏನನ್ನೂ ಎಳೆಯಬೇಡ. ಪತ್ರ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗು.

ಆ ಅಂಕಿಯನ್ನು ನಂಬಬೇಡ. ಆ ಪರೀಕ್ಷೆ ರಕ್ತದಲ್ಲಿ ತೇಲುವ ವಿಟಮಿನ್ ಸಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೀನು ದಿನಕ್ಕೆ ನಾಲ್ಕು ನುಂಗುತ್ತಿದ್ದೆ. ನಾನು ಅಳೆದದ್ದು ಅಂಗಡಿಯ ಮಾತ್ರೆಯನ್ನು, ನಿನ್ನ ಪಡೆಯನ್ನಲ್ಲ. ನೀನು ಎಷ್ಟು ನುಂಗುತ್ತೀಯ ಎಂದು ಪತ್ರದಲ್ಲೇ ಬರೆದಿದ್ದೆ, ನನಗೆ ಹೊಳೆಯಲಿಲ್ಲ.

ಕಾಗದದ ಹೋಲಿಕೆಯೂ ನನ್ನದೇ, ಅದೂ ತಪ್ಪು. ಹಾಳೆ ಸುಮ್ಮನೆ ಬಿದ್ದಿರುವ ವಸ್ತು, ಒಂದು ಸಲ ಅದ್ದಿದರೆ ಮುಗಿಯಿತು. ನಿನ್ನ ಕೀಲಿನಲ್ಲಿ ಬೆಂಕಿ ಹಚ್ಚುವವರು ಒಳಗೇ ಇದ್ದಾರೆ, ದಿನವೂ ಹಚ್ಚುತ್ತಾರೆ. ಎಷ್ಟು ನೀರು ಹೊತ್ತರೂ ಸಾಲದು. ಹಚ್ಚುವ ಕೈಯನ್ನೇ ಹಿಡಿಯುತ್ತಿದ್ದುದು ಭಾನುವಾರದ ಮಾತ್ರೆ.

ಬಾ ಎಂದು ಒಂದು ಮಾತು ಹೇಳು, ಸಿಕ್ಕ ಬಸ್ಸು ಹತ್ತುತ್ತೇನೆ.

ತಮ್ಮ


ಏಪ್ರಿಲ್ 19

ತಮ್ಮನಿಗೆ,

ಬರಬೇಡ. ನಿನ್ನನ್ನು ಕರೆಸಬೇಡಿ ಎಂದು ನಿನ್ನ ಭಾವನಿಗೂ ಹೇಳಿದ್ದೇನೆ.

ನಿನ್ನ ಪತ್ರ ಹದಿಮೂರಕ್ಕೆ ಬಂತು. ನಾನು ಡಾಕ್ಟರ ಹತ್ತಿರ ಹೋದದ್ದು ಹದಿನಾರಕ್ಕೆ. ನಡುವೆ ಮೂರು ದಿನ ಏನು ಮಾಡಿದೆ ಎಂದು ಕೇಳಬೇಡ. ನಕ್ಷೆಗಳ ಸಂಪುಟ ಮುಗಿಸುತ್ತಿದ್ದೆ. ಹದಿನೈದರ ಮಧ್ಯಾಹ್ನ ಲೋಟ ಎತ್ತಿ ಇಟ್ಟೆ, ಕೈ ಬಿಡಿಸಲು ಹೋದರೆ ಉಂಗುರ ಬೆರಳು ಬರಲಿಲ್ಲ. ಲೋಟದ ಸುತ್ತ ಹಾಗೇ ಕೂತಿತ್ತು. ಆಗಲೂ ನೋವಿರಲಿಲ್ಲ. ಅಲ್ಲೇ ಕೂತು ಅತ್ತೆ. ಕತ್ತರಿಸುವವನು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ವಾಕರಿಕೆ ಹೆಚ್ಚಾದರೆ ಅದನ್ನೇ ಚುಚ್ಚುಮದ್ದಾಗಿ ಕೊಡಬಹುದಿತ್ತಂತೆ, ನಾನು ಇನ್ನೊಂದು ಸಲ ಕೇಳಿದ್ದರೆ. ಹರಿದ ಎರಡು ಹುರಿಗಳನ್ನು ನಡುಬೆರಳಿನ ಹುರಿಗೆ ಸೇರಿಸಿ ಹೊಲಿಯಬೇಕು. ಏಪ್ರಿಲ್ ಮೂವತ್ತಕ್ಕೆ ದಿನ ಕೊಟ್ಟಿದ್ದಾರೆ. ಆಮೇಲೆ ಆರು ವಾರ ಕೈಗೆ ಪಟ್ಟಿ. ಅಂದರೆ ಮೇ ಇಪ್ಪತ್ತು ಹೋಯಿತು.

ಅಥವಾ ಪರೀಕ್ಷೆ ಮುಗಿಸಿಕೊಂಡು ಮಾಡಿಸಬಹುದು. ಮೂರು ಬೆರಳಲ್ಲಿ ಹೊಲಿದು ನೋಡಿದೆ, ನಿಧಾನ, ಆದರೆ ಆಗುತ್ತದೆ. ಆಪರೇಷನ್ ಮಾಡುವ ಡಾಕ್ಟರು ಒಪ್ಪುತ್ತಿಲ್ಲ. "ಅಷ್ಟರಲ್ಲಿ ನಡುಬೆರಳಿಂದೂ ಹರಿದ್ರೆ ನಾನು ಯಾವುದಕ್ಕೆ ಸೇರಿಸಿ ಹೊಲೀಲಿ?" ಎಂದು ಕೇಳಿದರು. ಮೂವತ್ತಕ್ಕೆ ಬರುತ್ತೇನೆಂದು ನಾನಿನ್ನೂ ಒಪ್ಪಿಕೊಂಡಿಲ್ಲ.

ನಿನ್ನ ಮಾರ್ಚಿನ ಪತ್ರವನ್ನು ರಟ್ಟಿನಿಂದ ಕಿತ್ತು ಮತ್ತೆ ಓದಿದೆ. ಪುಟ ಕಾಣೆಯಾದ ಪುಸ್ತಕ ನನ್ನ ಕೈಗೆ ಬಂದರೆ ಎಣಿಸದೆಯೇ ಗೊತ್ತಾಗುತ್ತದೆ. ಒಂದು ಅಂಕಿ ಬರೆದಿದ್ದೀಯ. ತೊಂಬತ್ತಾರು ಗುಳಿಯ ತಟ್ಟೆಯಿಂದ ನನ್ನ ಪಾಲಿಗೆ ಬಂದದ್ದು ಒಂದೇ ಅಂಕಿಯಾ? ಇದಕ್ಕೆ ಮಾತ್ರ ಉತ್ತರ ಬರೆ. ಬೇರೇನೂ ಬೇಡ.

ಅಕ್ಕ


ಏಪ್ರಿಲ್ 24

ಅಕ್ಕ,

ಎರಡು ಅಂಕಿ ಇದ್ದವು.

ಪುಂಡ ಕಣಗಳು ಕೋಶಗಳ ಕೊಬ್ಬನ್ನು ಸುಟ್ಟಾಗ ಒಂದು ಕಸ ಉಳಿಯುತ್ತದೆ. ಅದನ್ನು ಅಳೆಯುವ ಪರೀಕ್ಷೆಯೂ ಇದೆ, ಅವತ್ತು ಅದನ್ನೂ ಮಾಡಿದ್ದೆ. ಇಡೀ ತಟ್ಟೆಯಲ್ಲಿ ಅದೂ ನಿನ್ನದೇ ಹೆಚ್ಚು. ಒಂದು ಕಡೆ ಪಡೆ ಬಲವಾಗಿದೆ ಎನ್ನುತ್ತದೆ, ಇನ್ನೊಂದು ಕಡೆ ಊರು ಸುಡುತ್ತಿದೆ ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಒಂದು ಗಂಟೆ ಕೂತಿದ್ದೆ.

ನಿನ್ನ ಪೆಟ್ಟಿಗೆ ತೆರೆದಾಗ ಮಂಜುಗಡ್ಡೆ ಅರ್ಧ ಕರಗಿತ್ತು. ರಕ್ತ ಬೆಚ್ಚಗಾದರೆ ಆ ಕಸದ ಅಂಕಿ ಸುಮ್ಮನೆ ಏರುತ್ತದೆ. ಹಾಗಾಗಿ ಇದು ದಾರಿಯಲ್ಲಿ ಕೆಟ್ಟಿದೆ ಎಂದುಕೊಂಡೆ. ರಕ್ತ ಕೆಟ್ಟಿದ್ದರೆ ಎರಡು ಅಂಕಿಯನ್ನೂ ಎಸೆದು ಇನ್ನೊಂದು ನಳಿಕೆ ಕಳಿಸು ಎನ್ನಬೇಕಿತ್ತು. ಪ್ರಯೋಗಾಲಯಕ್ಕೆ ನಿನ್ನೆ ಮೊನ್ನೆ ಸೇರಿದವರಿಗೂ ಇಷ್ಟು ಗೊತ್ತು. ನಾನು ಒಂದನ್ನು ಎಸೆದೆ, ಇನ್ನೊಂದನ್ನು ನಿನಗೆ ಬರೆದೆ.

ಇನ್ನೂ ಇದೆ. ನಮ್ಮ ಎಂಬತ್ತು ಜನರೂ ನಿನ್ನಂತೆಯೇ ವಾರದ ಮಾತ್ರೆ ತೆಗೆದುಕೊಳ್ಳುವವರು. ಯಾರೊಬ್ಬರೂ ಅದನ್ನು ಬಿಟ್ಟಿಲ್ಲ. ವಿಟಮಿನ್ನುಗಳು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಮತ್ತು ರಕ್ತದ ಅಂಕಿ ಏರಿದ್ದರೂ ಊದಿದ ಕೀಲುಗಳ ಎಣಿಕೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣುತ್ತಿಲ್ಲ ಎಂದು ಮೇಡಂ ಫೆಬ್ರವರಿ ಮೊದಲ ವಾರವೇ ಹೇಳಿದ್ದರು. ಸ್ನಾನ ಇದೆ ಎಂದು ನಿನಗೆ ಬರೆಯುವಾಗ ಇದೆಲ್ಲ ನನಗೆ ಗೊತ್ತಿತ್ತು. ಬರೆಯಲಿಲ್ಲ. ಆರು ವರ್ಷದಿಂದ ನಿನ್ನ ಕಾಯಿಲೆಗೆ ನನ್ನಿಂದ ಕವಡೆಯಷ್ಟೂ ಉಪಯೋಗವಾಗಿರಲಿಲ್ಲ. ಒಂದು ಸಲವಾದರೂ ಒಳ್ಳೆಯ ಸುದ್ದಿ ಕೊಡುವವನು ನಾನಾಗಬೇಕು ಎಂಬ ಆಸೆಯಿತ್ತು.

ಮೊನ್ನೆ ಮೇಡಂಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. "ಸ್ವಂತದವರ ರಕ್ತದಲ್ಲಿ ಕಣ್ಣು ಬೇಕಾದ್ದನ್ನೇ ಓದುತ್ತೆ. ಅದಕ್ಕೇ ನಿಯಮ ಇರೋದು" ಎಂದರು. ನನ್ನನ್ನು ಅಧ್ಯಯನದಿಂದ ತೆಗೆದು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದ್ದಾರೆ. ಇದನ್ನು ನೀನು ಪಾಪ ಎನ್ನಲಿ ಎಂದು ಬರೆಯುತ್ತಿಲ್ಲ. ಇದೂ ನಿನಗೆ ಗೊತ್ತಿರಬೇಕು ಎಂದು ಬರೆದೆ.

ಮೂವತ್ತನೇ ತಾರೀಕು ತಪ್ಪಿಸಬೇಡ. ನನ್ನ ಮಾತು ಕೇಳು ಎನ್ನುವ ಯೋಗ್ಯತೆ ನನಗಿಲ್ಲ. ಡಾಕ್ಟರ ಮಾತು ಕೇಳು.

ತಮ್ಮ


ಮೇ 16

ಅಕ್ಕ,

ಮೂರು ವಾರವಾಯಿತು. ಆಪರೇಷನ್ ಮಾಡಿಸಿಕೊಂಡೆಯೋ ಇಲ್ಲವೋ ಅದೂ ಗೊತ್ತಿಲ್ಲ. ಭಾವನಿಗೆ ಫೋನ್ ಮಾಡಿದರೆ "ನೀವಿಬ್ಬರೂ ಬಗೆಹರಿಸ್ಕೊಳ್ಳಿ, ನನ್ನನ್ನ ನಡುವೆ ತರ್ಬೇಡಿ, ಅವಳೇ ಬರೀತಾಳೆ" ಎನ್ನುತ್ತಾರೆ. ಅಂಚೆಯವರು ಈಗ ನಗುವುದಿಲ್ಲ, ನನ್ನನ್ನು ಕಂಡರೆ ದೂರದಿಂದಲೇ ಇಲ್ಲ ಎಂದು ತಲೆಯಾಡಿಸುತ್ತಾರೆ.

ಇನ್ನು ನಾಲ್ಕು ದಿನಕ್ಕೆ ನಿನ್ನ ಪರೀಕ್ಷೆ. ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದೀಯ ಎಂದುಕೊಳ್ಳುತ್ತೇನೆ. ಮರುಕ್ಷಣವೇ, ಮೂರು ಬೆರಳಿನಲ್ಲಿ ಹೊಲಿಯುತ್ತಿದ್ದೀಯ ಎನಿಸುತ್ತದೆ. ನೀರಿನ ಕೆಳಗೆ ಬಾಟಲಿ ಹಿಡಿದು ನಿಂತಿರುವಾಗ ನನ್ನ ಬೆರಳುಗಳನ್ನೇ ನೋಡುತ್ತೇನೆ.

ಬೈದಾದರೂ ಬರೆ.

ತಮ್ಮ


ಜೂನ್ 14

ತಮ್ಮಾ,

ಕೈಗೆ ಪಟ್ಟಿ ಇದ್ದದ್ದರಿಂದ ಬರೆಯಲಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಎಡಗೈಯಲ್ಲಿ ನಾಲ್ಕು ಸಾಲು ಗೀಚಬಹುದಿತ್ತು. ಗೀಚಲಿಲ್ಲ, ನಿನ್ನ ಮೇಲೆ ಅಷ್ಟು ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಆಪರೇಷನ್ ಮೂವತ್ತಕ್ಕೇ ಆಯಿತು. ನಿನ್ನ ಪತ್ರ ಬಂದದ್ದು ಇಪ್ಪತ್ತೆಂಟಕ್ಕೆ. ಅಲ್ಲಿಯವರೆಗೂ ಪರೀಕ್ಷೆಯೇ ಮೊದಲು ಎಂದು ಹಟ ಹಿಡಿದಿದ್ದೆ, ಅವತ್ತು ಓದಿ ಮುಗಿಸಿ ಡಾಕ್ಟರಿಗೆ ಹೂಂ ಎಂದೆ. ಪರೀಕ್ಷೆಯ ದಿನ ಪಟ್ಟಿ ಕಟ್ಟಿದ ಕೈ ಹೊತ್ತುಕೊಂಡು ನೆಲಮಾಳಿಗೆಗೆ ಹೋದೆ. ಎರಡು ತಿಂಗಳು ಮುಂದೆ ಹಾಕಿ ಎಂದು ಸಮಿತಿಯವರನ್ನು ಕೇಳಿದೆ. "ನಿಯಮದಲ್ಲಿ ಅವಕಾಶ ಇಲ್ಲಮ್ಮ, ಬೇಕಾದ್ರೆ ಕೂತು ನೋಡಿ" ಎಂದರು. ಕೂತು ನೋಡಿದೆ.

ಕತ್ತರಿಸುವವನು ಹೊಲಿಯಲು ಕೂತ. ಪ್ರತಿ ಮಡಿಕೆ ಮುಗಿದಾಗಲೂ ನನ್ನ ಕಡೆ ನೋಡುತ್ತಿದ್ದ. ಒಂಬತ್ತನೆಯ ಮಡಿಕೆಯನ್ನು ಬಿಟ್ಟು ಹತ್ತನೆಯದಕ್ಕೆ ಸೂಜಿ ಚುಚ್ಚಿದ. ಸಮಿತಿಯವರಿಗೆ ಕಾಣಲಿಲ್ಲ. ಸುಮ್ಮನಿದ್ದರೆ ಸಂಜೆ ಪುಟ ಎಣಿಸುವಾಗ ಅವನು ಸೋಲುತ್ತಿದ್ದ, ಇನ್ನೊಂದು ಪರೀಕ್ಷೆ ಇಡಬೇಕಾಗುತ್ತಿತ್ತು, ಅಷ್ಟರಲ್ಲಿ ನನ್ನ ಕೈ ಸರಿಯಾಗುತ್ತಿತ್ತೋ ಏನೋ. ನಾನು ಕೆಮ್ಮಿದೆ. ಅವನು ತಲೆಯೆತ್ತಿ ನೋಡಿ, ಕೆಳಗೆ ನೋಡಿ, ದಾರ ಬಿಚ್ಚಿ ಒಂಬತ್ತಕ್ಕೆ ಹಿಂತಿರುಗಿದ. ಸಮಿತಿಯವರೊಬ್ಬರು "ನೀರು ಬೇಕಾ?" ಎಂದು ಕೇಳಿದರು. ಯಾಕೆ ಕೆಮ್ಮಿದೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಬಿಟ್ಟುಹೋದ ಮಡಿಕೆಯನ್ನು ನೋಡಿಕೊಂಡು ಕೂರಲು ಆಗಲಿಲ್ಲ, ಅಷ್ಟೇ.

ಹುದ್ದೆ ಅವನಿಗೆ ಹೋಯಿತು. ನನ್ನನ್ನು ಮೇಲಿನ ಮಹಡಿಗೆ, ಪುಸ್ತಕ ವಾಪಸು ಪಡೆಯುವ ಮೇಜಿಗೆ ಹಾಕಿದ್ದಾರೆ. ದಿನವಿಡೀ ಮೊಹರು ಒತ್ತುವ ಕೆಲಸ. ಕಿಟಕಿ ಇದೆ, ಬೆಳಕಿದೆ, ಎಲ್ಲರೂ ಅದೃಷ್ಟ ಎನ್ನುತ್ತಾರೆ. ನನಗೆ ಆ ಬೆಳಕು ಕಂಡರೆ ಮೈ ಉರಿಯುತ್ತದೆ.

ಈಗ ನನ್ನ ಸರದಿ. ನೀನೊಬ್ಬನೇ ಮುಚ್ಚಿಟ್ಟೆ ಎಂದುಕೊಂಡು ಮೂರು ವಾರ ಬೈದೆ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಯೋಚನೆ ಮಾಡಲು ಸಮಯ ಸಿಕ್ಕಿತು. ಮಾತ್ರೆ ಬಿಟ್ಟ ಐದನೇ ವಾರದಿಂದ ಬೆಳಿಗ್ಗೆ ನನಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬಿಸಿ ನೀರಿನಲ್ಲಿ ಕೈ ಇಟ್ಟುಕೊಂಡು ಕೂತರೆ ಹನ್ನೆರಡರ ಹೊತ್ತಿಗೆ ಸಡಿಲವಾಗುತ್ತಿತ್ತು. ಮಣಿಕಟ್ಟು ಊದಿದ್ದು ನಿನ್ನ ಭಾವನಿಗೆ ಕಾಣಬಾರದು ಎಂದು ಬೇಸಿಗೆಯಲ್ಲೂ ಉದ್ದ ತೋಳಿನದೇ ಹಾಕಿದೆ. ನಿನಗೆ ಏಪ್ರಿಲ್ ಆರರ ಪತ್ರವನ್ನು ಮಧ್ಯಾಹ್ನ ಮೂರರವರೆಗೆ ಕಾದು ಬರೆದೆ, ಅಕ್ಷರ ನೆಟ್ಟಗಿರಲಿ ಎಂದು. ನನ್ನ ಕೈಯೇ ನನಗೆ ದಿನವೂ ಎರಡನೆಯ ಅಂಕಿ ಹೇಳುತ್ತಿತ್ತು. ನಾನೂ ಮೊದಲನೆಯದನ್ನೇ ರಟ್ಟಿಗೆ ಅಂಟಿಸಿಕೊಂಡು ಕೂತೆ. ನಿನ್ನದು ತಪ್ಪು, ನನ್ನದೂ ತಪ್ಪು. ಒಂದಕ್ಕೊಂದು ವಜಾ ಆಗುವುದಿಲ್ಲ, ಎರಡೂ ಹಾಗೇ ಇರುತ್ತವೆ.

ಗಾಜು ತೊಳೆಯುವ ಕೆಲಸ ಎಷ್ಟು ದಿನ? ಮೇಡಂ ಮತ್ತೆ ಕರೆದರೆ ಹೋಗು. ಸೆಟೆದುಕೊಂಡು ಕೂರಬೇಡ.

ಮಾತ್ರೆಯ ಬದಲು ಚುಚ್ಚುಮದ್ದು ಶುರುವಾಗಿದೆ. ಸೋಮವಾರ ಸ್ವಲ್ಪ ಸಂಕಟ, ಮೊದಲಿನಷ್ಟಿಲ್ಲ. ಬೆಳಗಿನ ಬಿಗಿತ ಈಗಲೂ ಎರಡು ಗಂಟೆ.

ಗುರುವಾರ ಪಟ್ಟಿ ಬಿಚ್ಚಿದರು. ಡಾಕ್ಟರು ನನ್ನ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇರಿಸಿ "ಈಗ ಎತ್ತಿ" ಎಂದರು. ನಿನ್ನ ಭಾವ ಗೋಡೆಯ ಕಡೆ ತಿರುಗಿ ನಿಂತರು. ಎತ್ತಿದೆ. ಉಂಗುರ ಬೆರಳು ಅರ್ಧ ಎದ್ದಿತು. ಕಿರುಬೆರಳು ಅಲುಗಿತು, ಏಳಲಿಲ್ಲ. ಉಂಗುರ ಬೆರಳು ಮುಕ್ಕಾಲು ಎದ್ದಿತು ಎಂದು ನಿನಗೆ ಬರೆಯಲು ಮನಸ್ಸಾಗಿತ್ತು. ಅರ್ಧವೇ.

ಅಕ್ಕ